ಸುಣ್ಣದ ಸಂದ್ಯಾಗಪ್ಪನ ಪಾದಶಿಲೆ

ಪಾಳೆಯಗಾರರ ಕುದುರೆಗಳ ಖುರಧೂಳಿಯಿಂದ ದಿಗಂತವೇ ಮಸುಕಾಗಿದ್ದ ಆ ಪುರಾತನ ಕಾಲದಲ್ಲಿ, ತಾವು ಈಗ ಏದುಸಿರು ಬಿಡುತ್ತಾ ಹತ್ತಿಬಂದಿರುವ ಈ ಎಳವಾರದ ಗುಡ್ಡದ ಓರೆಯಲ್ಲಿ, ಹುಲ್ಲು ಹೊದಿಸಿದ ಒಂದು ಪುಟ್ಟ ದೇವಾಲಯವೂ, ಅದನ್ನೇ ನೆಚ್ಚಿಕೊಂಡಿದ್ದ ನಲವತ್ತು ಮನೆಗಳ ಕ್ರೈಸ್ತಸಮೂಹವೂ ಇದ್ದವು. ಆ ಊರಿನ ಕಾವಲುಗಾರನಾಗಿದ್ದ ಸಂದ್ಯಾಗಪ್ಪನೆಂಬುವನು, ಸವಾರರು ಕುತ್ತಿಗೆಗೆ ಕತ್ತಿಯಿಟ್ಟಾಗ ಪ್ರಾಣಭೀತಿಯಿಂದ ತತ್ತರಿಸಿ, ಜನರು ಅಡಗಿದ್ದ ಗವಿಯನ್ನು ಬೆರಳು ಚಾಚಿ ತೋರಿಸಿಬಿಟ್ಟನು. ಗವಿಯ ಬಾಯಿಗೆ ಅಡ್ಡನಿಂತ ಚಿನ್ನಪ್ಪನು ಹತನಾದನು. ಆತನ ಪತ್ನಿ ಅರುಳಮ್ಮನು ಮದುವೆಯಾದ ಮೂರೇ ವರ್ಷಕ್ಕೆ ವಿಧವೆಯಾದಳು.

ಊರು ಸಂದ್ಯಾಗಪ್ಪನಿಗೆ ಬೆಂಕಿ, ನೀರು, ಮಾತು ಮೂರನ್ನೂ ನಿಲ್ಲಿಸಿತು. ಅವನು ಗುಡ್ಡದ ಆಚೆ ಬದಿಯಲ್ಲಿ ಸುಣ್ಣಕಲ್ಲನ್ನು ಸುಡುತ್ತಾ, ಪಶ್ಚಾತ್ತಾಪಾಗ್ನಿಯಲ್ಲಿ ತಾನೂ ಬೇಯುತ್ತಾ ಏಳು ವರ್ಷಗಳನ್ನು ಕಳೆದನು. ಪ್ರಭುವಿನ ಪುನರುತ್ಥಾನದ ಪಾಸ್ಕ ಹಬ್ಬಕ್ಕೆ ದೇವಾಲಯದ ಗೋಡೆಗಳು ಹಾಲಿನಂತೆ ಬೆಳಗುತ್ತಿದ್ದುದು ಅವನು ಎಲ್ಲೆಗಲ್ಲಿನ ಬಳಿ ಇಟ್ಟುಹೋಗುತ್ತಿದ್ದ ಸುಣ್ಣದಿಂದಲೇ. ಸುಣ್ಣ ಬೇಕು, ಸುಟ್ಟವನು ಬೇಡ! ನಮ್ಮ ಪೂರ್ವಿಕರ ಭಕ್ತಿ ಅಂಥದ್ದು. ನಾವೇನೂ ಕಡಿಮೆಯಿಲ್ಲ ಬಿಡಿ.

ಎಂಟನೆಯ ವರ್ಷದ ಪವಿತ್ರ ಗುರುವಾರದಂದು, ಪ್ರಭುವು ಶಿಷ್ಯರ ಕಾಲು ತೊಳೆದುದರ ಸ್ಮರಣಾರ್ಥವಾಗಿ ಗುರುಗಳು ಹನ್ನೆರಡು ಹಿರಿಯರ ಪಾದ ತೊಳೆಯಲು ಸಿದ್ಧರಾಗಿರಲು (ಹಿರಿಯರೋ, ಮನೆಯಲ್ಲೇ ಕಾಲುಜ್ಜಿಕೊಂಡು ಬಂದಿದ್ದವರು!), ಸಂದ್ಯಾಗಪ್ಪನು ಹೊಸ್ತಿಲಾಚೆ ಬಂದು ಕೈಮುಗಿದು ನಿಂತನು.

"ಒಳಗೆ ಕರೀಬೇಡಿ ಸ್ವಾಮಿ. ಅರುಳಮ್ಮನ ಮುಂದೆ ತಪ್ಪಾಯ್ತು ಅಂತ ಒಂದು ಸಾರಿ ಹೇಳಿ ಹೋಗ್ತೀನಿ."

"ಅವನು ಹೊಸ್ತಿಲು ದಾಟಿದ್ರೆ ನಾವು ಎದ್ದು ಹೋಗ್ತೀವಿ" ಎಂದರು ಹಿರಿಯರು.

ಗುರುಗಳು ನೀರಿನ ತಂಬಿಗೆಯೊಡನೆ ತಾವೇ ಹೊಸ್ತಿಲು ದಾಟಿ, ಅವನನ್ನು ಹೊರಗಿನ ಬಂಡೆಯ ಮೇಲೆ ಕೂರಿಸಿದರು. ಸುಟ್ಟ ಸುಣ್ಣ ಮೆತ್ತಿ ಬಿರಿದಿದ್ದ ಆ ಪಾದಗಳ ಮೇಲೆ ಅವರು ಇನ್ನೇನು ನೀರು ಸುರಿಯಬೇಕು, ಹೆಂಗಸರ ಸಾಲಿನಿಂದ ಅರುಳಮ್ಮ ಎದ್ದುಬಂದಳು.

"ತಡೀರಿ ಸ್ವಾಮಿ. ಸುಣ್ಣದ ಕಾಲಿಗೆ ನೀರು ಬಿದ್ರೆ ಬೆಂದುಹೋಗುತ್ತೆ. ಮೊದಲು ಎಣ್ಣೆ ಹಾಕಿ ಒರೆಸಬೇಕು."

ಏಳು ವರ್ಷಗಳಲ್ಲಿ ಅವನ ಪಾಲಿಗೆ ಊರಿನ ಬಾಯಿಂದ ಬಂದ ಮೊದಲ ಕನಿಕರದ ಮಾತು ಅದು. ಎಣ್ಣೆಯೋ, ಪೀಠದ ಮುಂದಿನ ನಂದಾದೀಪದಲ್ಲಿ ಬಿಟ್ಟರೆ ಬೇರೆಲ್ಲಿಯೂ ಇರಲಿಲ್ಲ. ಅವಳು ನೆಟ್ಟಗೆ ಒಳಹೋಗಿ ಅದನ್ನೇ ಬಗ್ಗಿಸಿಕೊಂಡು ಬಂದಳು. ದೀಪ ಆರಿತು. ಹಿರಿಯರು ಅಪಚಾರವೆಂದು ಎದೆ ಬಡಿದುಕೊಳ್ಳುತ್ತಿರಲು, ಕತ್ತಲಾದ ಪೀಠದಿಂದ ಗಂಭೀರನಾದವೊಂದು ಸರ್ವರಿಗೂ ಕೇಳಿಸಿತು:

"ನನ್ನ ಮುಂದೆ ಉರಿಯಬೇಕಾದ ಎಣ್ಣೆ ನನ್ನ ಕಾಲಿಗೇ ಬಂದಿತು. ಏಳು ವರ್ಷ ಇವನೊಡನೆ ಹೊರಗಿದ್ದೆನು. ಇಬ್ಬರನ್ನೂ ಒಳಗೆ ಕರೆಯಿರಿ."

ಎಣ್ಣೆ ಹಚ್ಚಿ ಒರೆಸಿ ತೊಳೆದ ನೀರು ಬಂಡೆಯ ಮೇಲೆ ಬಿದ್ದೆಡೆಯಲ್ಲಿ ಒರತೆಯೊಂದು ಉಕ್ಕಿತು. ಕ್ಷಮಿಸಿದೆನೆಂದು ಅರುಳಮ್ಮನು ಬಾಯಿಬಿಟ್ಟು ಹೇಳಿದಳೆಂದು ಯಾರೂ ಹೇಳುವುದಿಲ್ಲ. ಅವಳು ಬಿಕ್ಕಿಬಿಕ್ಕಿ ಅಳುತ್ತಲೇ ಅವನ ಕೈಹಿಡಿದು ಒಳಗೆ ಕರೆದೊಯ್ದು, ತನ್ನ ಗಂಡ ಕೂರುತ್ತಿದ್ದ ಚಾಪೆಯ ಮೇಲೆ ಕೂರಿಸಿದಳು. ಹಿರಿಯರಲ್ಲಿ ಒಬ್ಬರೂ ಎದ್ದುಹೋಗಲಿಲ್ಲ.

ಭಕ್ತಾದಿಗಳು ಆ ಒರತೆಯನ್ನೂ, ಎರಡು ಪಾದಗಳ ಅಚ್ಚಿನಂತೆ ತಗ್ಗಾದ ಬಂಡೆಯನ್ನೂ ಬಾಗಿಲ ಬಲಗಡೆ ಇಂದಿಗೂ ಕಾಣಬಹುದು. ಪ್ರತಿ ಪವಿತ್ರ ಗುರುವಾರ, ಊರು ದೂರವಿಟ್ಟವರೊಬ್ಬರ ಪಾದವನ್ನು ಇಲ್ಲಿ ಮೊದಲು ತೊಳೆದ ಮೇಲೆಯೇ ಪೂಜೆ. ಅಂಥವರು ಯಾರೂ ಬಾರದ ವರ್ಷ, ನಮ್ಮೂರಲ್ಲಿ ಬಹಿಷ್ಕೃತರೇ ಇಲ್ಲವೆಂದು ಗಂಡಸರು ಮೀಸೆ ತಿರುವುವುದುಂಟು. ಆಗ ಮುದುಕಿಯರು ಬಾಗಿಲಿಗೆ ಅಡ್ಡ ಕೂತು ಗದರುತ್ತಾರೆ: "ಬರೋಕೂ ಆಗದಷ್ಟು ದೂರ ಅಟ್ಟಿದ್ದೀರಿ. ಹೋಗಿ, ಹುಡುಕಿ ಕರ್ಕೊಂಡು ಬನ್ನಿ." ಅಂಥವರೊಬ್ಬರು ಸಿಕ್ಕುವವರೆಗೆ ಪೂಜೆಯ ಗಂಟೆ ಬಾರಿಸುವುದಿಲ್ಲ.