ಆರಿಸುತ್ತಿದ್ದೇನೆ

“ಗುರುಗಳೇ, ಸಿಟ್ಟನ್ನು ಆರಿಸಲು ಯಾವ ಸಾಧನ ಮೇಲು? ಜಪವೋ, ಪ್ರಾಣಾಯಾಮವೋ, ಮೌನವೋ?”

ಕೇಳಿದವನು ಅಡಿವೆಪ್ಪ. ಕೇಳುವಾಗಲೂ ಸಿಟ್ಟು ಅವನ ಮೂಗಿನ ತುದಿಯಲ್ಲೇ ಕುಳಿತಿತ್ತು. ಅವನ ತಮ್ಮ ತನ್ನ ಮಗಳ ಲಗ್ನಪತ್ರಿಕೆಯಲ್ಲಿ ಊರವರ ಹೆಸರನ್ನೆಲ್ಲ ಅಚ್ಚು ಹಾಕಿಸಿ, ಒಡಹುಟ್ಟಿದ ಅಣ್ಣನ ಹೆಸರನ್ನೇ ಬಿಟ್ಟಿದ್ದ. ಮರೆತುಹೋಯಿತಂತೆ. ಒಂದೇ ತಾಯಿಯ ಹಾಲು ಕುಡಿದವನನ್ನು ಯಾರಾದರೂ ಮರೆಯುತ್ತಾರೆಯೇ? ತಮ್ಮ ಎರಡು ಸಲ ಬಾಗಿಲಿಗೆ ಬಂದು ತಪ್ಪಾಯಿತೆಂದು ಕೈಮುಗಿದ. ಎರಡು ಸಲವೂ ಅಡಿವೆಪ್ಪ ಒಳಗಿನಿಂದಲೇ, ಸಿಟ್ಟು ಆರಿಸಿಕೊಳ್ಳುತ್ತಿದ್ದೇನೆ, ಆಮೇಲೆ ನೋಡೋಣ ಎಂದು ಹೇಳಿ ಕಳುಹಿಸಿದ. ಅಂದಿನಿಂದ ಎರಡು ಮಠ ಸುತ್ತಿದ್ದ. ಒಂದರಲ್ಲಿ ಹೇಳಿಕೊಟ್ಟ ಜಪ ತೀರಾ ನಿಧಾನವೆನಿಸಿತು. ಇನ್ನೊಂದರ ಪ್ರಾಣಾಯಾಮಕ್ಕೆ ಉಸಿರು ಕಟ್ಟಿತು. ಇದು ಮೂರನೆಯದು. ಮದುವೆ ನಾಳೆ. ಇದನ್ನೆಲ್ಲ ಅವನು ಗುರುಗಳಿಗೆ ಹೇಳಿಕೊಂಡ.

ಗುರುಗಳು ಹೇಳತೊಡಗಿದರು. ಒಬ್ಬ ಗೃಹಸ್ಥನಿದ್ದ. ಮನೆಯಲ್ಲೇ ಬಿಯರ್ ತಯಾರಿಸುತ್ತಿದ್ದ.

ಮಠದಲ್ಲಿ ಇದೆಂಥ ಮಾತು ಎಂದು ಅಡಿವೆಪ್ಪ ಹುಬ್ಬು ಗಂಟಿಕ್ಕಿದ. ಕುಡಿ ಎನ್ನಲಿಲ್ಲ, ಕೇಳು ಎಂದೆ ಎಂದು ಗುರುಗಳು ಮುಂದುವರಿಸಿದರು.

ಗೃಹಸ್ಥ ಬಾರ್ಲಿಯನ್ನು ತಾನೇ ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿದ್ದ. ಅದರ ಸಿಹಿ ರಸವನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಿ ಇಳಿಸಿದ. ಇನ್ನು ಅದನ್ನು ಬೇಗ ಆರಿಸಬೇಕು. ಬಿಸಿಯಿರುವಾಗ ಈಸ್ಟ್ ಹಾಕಿದರೆ ಈಸ್ಟ್ ಸಾಯುತ್ತದೆ. ಉಗುರುಬೆಚ್ಚಗೆ ಬಹಳ ಹೊತ್ತು ಬಿಟ್ಟರೆ ರಸ ಹುಳಿಯಾಗುತ್ತದೆ. ಈ ಸಲ ಒಳ್ಳೆಯ ಸಾಧನವನ್ನೇ ತರುತ್ತೇನೆಂದು ಅವನು ಅಂಗಡಿಗೆ ಹೊರಟ.

ಅಂಗಡಿಯವನು ತಾಮ್ರದ ಸುರುಳಿ ಕೊಳವೆ ತೋರಿಸಿದ. ರಸದಲ್ಲಿ ಮುಳುಗಿಸಿ ಒಳಗೆ ತಣ್ಣೀರು ಹರಿಸಿದರಾಯಿತು, ತೊಳೆಯುವುದು ಸುಲಭ, ಆದರೆ ತುಸು ನಿಧಾನ ಎಂದ. ತಗಡುಗಳನ್ನು ಒತ್ತೊತ್ತಾಗಿ ಜೋಡಿಸಿದ ಪೆಟ್ಟಿಗೆಯೂ ಇತ್ತು. ರಸವನ್ನು ಅದರೊಳಗೆ ಹರಿಸಿದರೆ ಕ್ಷಣದಲ್ಲಿ ಆರುತ್ತದೆ, ಆದರೆ ಸಂದಿಯಲ್ಲಿ ಸಿಕ್ಕ ಚರಟ ಹೋಗುವುದಿಲ್ಲ. ಗೃಹಸ್ಥನಿಗೆ ಮೈ ಉರಿಯಿತು. ಕುಂದಿಲ್ಲದ ವಸ್ತು ಒಂದೂ ಇಲ್ಲವೇ, ಜನರನ್ನು ಏನೆಂದು ತಿಳಿದಿದ್ದೀರಿ ಎಂದು ಗದರಿ ಬರಿಗೈಯಲ್ಲಿ ಮನೆಗೆ ಬಂದ.

ಹೆಂಡತಿ ಪಾತ್ರೆಯ ಹತ್ತಿರ ನಿಂತಿದ್ದಳು. ಬಚ್ಚಲ ತೊಟ್ಟಿಯ ತುಂಬ ಬಾವಿಯ ತಣ್ಣೀರಿದೆ, ಪಾತ್ರೆಯನ್ನು ಅದರಲ್ಲಿ ಇಳಿಸಿ ಇಡಲೇ ಎಂದು ಕೇಳಿದಳು.

“ನೀನು ಮುಟ್ಟಬೇಡ. ನಾನು ಆರಿಸುತ್ತಿದ್ದೇನೆ” ಎಂದು ಅವನು ಸಿಡುಕಿದ.

ಅವನು ಹೇಳಿದ್ದು ಸಾಧನ ಆರಿಸುವ ಮಾತು. ಅವಳಿಗೆ ಕೇಳಿಸಿದ್ದು ಬಿಸಿ ಆರಿಸುವ ಮಾತು. ಸರಿ, ಇವರೇ ಏನೋ ಮಾಡಿದ್ದಾರೆ ಎಂದು ಅವಳು ಒಳಗೆ ಹೋದಳು. ಅವನು ಇನ್ನೊಂದು ಅಂಗಡಿಗೆ ಹೋದ. ಮರುದಿನ ಮತ್ತೊಂದಕ್ಕೆ. ಎಲ್ಲ ಕಡೆಯೂ ಜಗಳ. ಮೂರನೆಯ ದಿನ ಕೊಳವೆಯನ್ನೇ ಹೆಗಲಿಗೇರಿಸಿಕೊಂಡು ಬಂದು ಮುಚ್ಚಳ ತೆಗೆದ. ಹುಳಿನಾತ ಮುಖಕ್ಕೆ ಹೊಡೆಯಿತು. ರಸ ತಾನಾಗಿಯೇ ಆರಿತ್ತು, ಕೆಟ್ಟೂ ಹೋಗಿತ್ತು. ತೊಟ್ಟಿಯಲ್ಲಿ ಇಡಲು ನಿನಗೇನು ಧಾಡಿ ಎಂದು ಅವನು ಹೆಂಡತಿಯ ಮೇಲೆ ಹರಿಹಾಯ್ದ.

“ನೀವೇ ಆರಿಸುತ್ತಿದ್ದೇನೆ ಅಂದಿರಲ್ಲ” ಎಂದಳು ಅವಳು. ಅಷ್ಟೂ ರಸವನ್ನು ತಿಪ್ಪೆಗೆ ಚೆಲ್ಲಿದರು.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪನಿಗೆ ತಡೆಯಲಾಗಲಿಲ್ಲ. ಬೇಯುವ ತನಕ ತಾಳಿದವನಿಗೆ ಆರಿಸುವ ಬುದ್ಧಿ ಬೇಡವೇ, ತೊಟ್ಟಿ ಮನೆಯಲ್ಲೇ ಇತ್ತು, ನೀರೂ ಇತ್ತು, ನಂಬಿ ಸುಮ್ಮನಾದ ಆ ಹೆಂಗಸಿನದೇನು ತಪ್ಪು ಎಂದು ಅವನು ನೆಲಕ್ಕೆ ಕೈ ಬಡಿದು ಕೇಳಿದ. ಅಂಥ ಮೂರ್ಖನನ್ನು ಅವನು ಕಂಡಿರಲಿಲ್ಲ.

ಗುರುಗಳು ಅವನು ಮಾತು ಮುಗಿಸುವವರೆಗೂ ಕಾದರು.

“ನಿನ್ನ ತಮ್ಮನೂ, ಆರಿಸಿಕೊಳ್ಳುತ್ತಿದ್ದೇನೆ ಎಂಬ ನಿನ್ನ ಮಾತು ನಂಬಿ, ನಾಳೆ ಚಪ್ಪರದ ಬಾಗಿಲಲ್ಲಿ ನಿನಗಾಗಿ ಕಾಯುತ್ತಾನೆ, ಅಡಿವೆಪ್ಪ.”