ಬಿದ್ದದ್ದಲ್ಲ, ಸವೆದದ್ದು

ಗುಳೇದಗುಡ್ಡದ ನೇಕಾರ ಗುರುಸಿದ್ದಪ್ಪ ಮೂವತ್ತು ವರ್ಷ ಮಗ್ಗ ತುಳಿದವನು. ಒಂದು ದಿನ ಅವನ ಹಿಮ್ಮಡಿಯ ಸ್ನಾಯುರಜ್ಜು, ಅಂದರೆ ಮಾಂಸಖಂಡವನ್ನು ಮೂಳೆಗೆ ಬಿಗಿದು ಹಿಡಿಯುವ ಹುರಿ, ಕೈಕೊಟ್ಟಿತು. ಶಸ್ತ್ರಚಿಕಿತ್ಸೆ ಆಗದಿದ್ದರೆ ಮಗ್ಗ ನಿಂತಂತೆಯೇ. ಅದಕ್ಕೆ ವಿಮಾ ಕಚೇರಿಯ ಒಪ್ಪಿಗೆ ಬೇಕಿತ್ತು.

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಸುನಂದಾ ಎಂಬಾಕೆ ಇದ್ದಳು. ಡಾಕ್ಟರು ಬರೆದ ರೋಗಕ್ಕೆ ಸರಿಯಾದ ಸಂಕೇತ ಸಂಖ್ಯೆ ಹಾಕುವುದು ಅವಳ ಕೆಲಸ. ಎಡಗಾಲಿಗೊಂದು ಸಂಖ್ಯೆ, ಬಲಗಾಲಿಗೊಂದು. ಬಿದ್ದು ಹರಿದದ್ದಕ್ಕೊಂದು, ಸವೆದು ಕೆಟ್ಟದ್ದಕ್ಕೊಂದು. ಡಾಕ್ಟರು ಅವಸರದಲ್ಲಿ ಬರೀ 'ಕಾಲು ನೋವು' ಎಂದು ಗೀಚಿದ್ದರು. ಅದಕ್ಕೂ ಒಂದು ಸಂಖ್ಯೆ ಉಂಟು. ಅದನ್ನೇ ಹಾಕಿ ಕಳಿಸಿದ ಫೈಲು, ಬರೀ ನೋವಿಗೆ ಶಸ್ತ್ರಚಿಕಿತ್ಸೆ ಯಾಕೆ ಎಂಬ ಪ್ರಶ್ನೆ ಹೊತ್ತು ವಾಪಸ್ ಬಂತು. ಇನ್ನೊಮ್ಮೆ ವಾಪಸ್ ಬಂದರೆ ಒಪ್ಪಿಗೆಯ ಆಸೆ ಮುಗಿಯಿತು.

ಹಿರಿಯ ಗುಮಾಸ್ತ ಬಾಬುರಾವ್ ಹೇಳಿದ: "ಬಿದ್ದು ಹರದೈತಿ ಅಂತ ಹಾಕವ್ವಾ. ಅಪಘಾತ ಅಂದ್ರ ವಿಮಾದವರು ಲಗೂನ ಸಹಿ ಮಾಡ್ತಾರ."

"ಇವರು ಬಿದ್ದೇ ಇಲ್ಲಲ್ರೀ," ಎಂದಳು ಸುನಂದಾ.

ಎದುರಿಗೇ ಕೂತಿದ್ದ ಗುರುಸಿದ್ದಪ್ಪ ನಡುವೆ ಬಾಯಿ ಹಾಕಿದ: "ತಂಗಿ, ಬೇಕಾದ್ರ ಈಗ ಹೋಗಿ ಮೆಟ್ಟಲ ಮ್ಯಾಲಿಂದ ಬಿದ್ದು ಬರ್ತೀನಿ. ಬರದ್‌ಬಿಡು."

ಸುನಂದಾ ನಕ್ಕಳು, ಬರೆಯಲಿಲ್ಲ. ಅವನನ್ನು ಕರೆದುಕೊಂಡು ಡಾಕ್ಟರ ಬಾಗಿಲಲ್ಲಿ ನಿಂತಳು.

"ಇಷ್ಟಕ್ಕ ನಾನೇ ಬೇಕೇನು?" ಡಾಕ್ಟರು ಸಿಡುಕಿದರು.

"ನೀವು ಬರೀದೇ ಇದ್ದದ್ದನ್ನ ನಾ ಹಾಕಂಗಿಲ್ರಿ ಸರ್. ಯಾವ ಕಾಲು, ಎಲ್ಲಿ, ಹ್ಯಾಂಗಾತು. ಇಷ್ಟ ಬರದ್ ಕೊಡ್ರಿ."

ಡಾಕ್ಟರು ಗೊಣಗುತ್ತಲೇ ಕಾಲನ್ನು ಮತ್ತೆ ಒತ್ತಿ ನೋಡಿದರು. ಎಡಗಾಲು, ಹಿಮ್ಮಡಿಯ ಸ್ನಾಯುರಜ್ಜು, ವರ್ಷಗಟ್ಟಲೆ ತುಳಿದು ಸವೆದದ್ದು ಎಂದು ಬರೆದುಕೊಟ್ಟರು. ಸುನಂದಾ ಅದಕ್ಕೆ ತಕ್ಕ ಸಂಖ್ಯೆ ಹಾಕಿ ಫೈಲನ್ನು ಮತ್ತೆ ಕಳಿಸಿದಳು.

ಮೂರನೇ ದಿನ ವಿಮಾ ಕಚೇರಿಯ ಡಾಕ್ಟರೇ ತನಿಖೆಗೆ ಬಂದರು. ಆ ತಿಂಗಳು ಈ ಆಸ್ಪತ್ರೆಯಿಂದ ಅವರ ಕೈಗೆ ಬಂದ ಫೈಲುಗಳಲ್ಲಿ ರೋಗಿಗಳೆಲ್ಲ ಎಲ್ಲೋ ಬಿದ್ದವರೇ. ಅವರಿಗೆ ಸಾಕಾಗಿ ಹೋಗಿತ್ತು.

"ನೀವೆಲ್ಲಿ ಬಿದ್ರಿ?" ಎಂದು ಕೇಳಿದರು.

"ಬೀಳಲಿಲ್ರಿ ಸಾಹೇಬ್ರ. ಮೂವತ್ತು ವರ್ಷ ಮಗ್ಗ ತುಳದು ಸವದೈತಿ."

ಅವರು ಫೈಲು ನೋಡಿದರು, ಕಾಲು ನೋಡಿದರು. ಎರಡೂ ಒಂದೇ ಮಾತು ಹೇಳುತ್ತಿದ್ದವು. ನಿಂತಲ್ಲೇ ಸಹಿ ಹಾಕಿದರು. ಬಿದ್ದವರ ಫೈಲುಗಳನ್ನು ಮಾತ್ರ ವಿಚಾರಣೆಗೆಂದು ಚೀಲಕ್ಕೆ ತುಂಬಿಕೊಂಡು ಹೋದರು.

ವಾರದೊಳಗೆ ಶಸ್ತ್ರಚಿಕಿತ್ಸೆಯಾಯಿತು. ಆರು ತಿಂಗಳಿಗೆ ಗುರುಸಿದ್ದಪ್ಪ ಮಗ್ಗಕ್ಕೆ ಕೂತ. ಸುನಂದಾ ಸಂಖ್ಯೆ ಹಾಕಿದ ಫೈಲಿಗೆ ಆಮೇಲೆ ತನಿಖೆಯೇ ಬರಲಿಲ್ಲ. ಬಾಬುರಾವ್ ತನ್ನ ಫೈಲುಗಳ ಕಟ್ಟನ್ನೂ ಅವಳ ಮೇಜಿಗೆ ತಂದಿಟ್ಟು, "ಇವನ್ನೂ ಒಂದ್ಸಲ ನೋಡವ್ವಾ," ಎಂದ.

ನೀತಿ: ಸರಕು ಇದ್ದ ಹಾಗೆ ಚೀಟಿ ಬರೆಯಿರಿ. ಗೊತ್ತಿಲ್ಲದ್ದನ್ನು ಊಹಿಸಬೇಡಿ, ಗೊತ್ತಿದ್ದವರನ್ನು ಕೇಳಿ. ಸುಳ್ಳು ಒಮ್ಮೆ ಬೇಗ ದಾಟೀತು. ನಿಜಕ್ಕೆ ಪ್ರತಿ ಸಲವೂ ದಾರಿ ಬಿಡುತ್ತಾರೆ.