ಪೆಟ್ಟು ಬೇಡಿದ ತಾಯಿ: ಪೆಟ್ಟವ್ವನ ಗಡ್ಡಿಯ ಸ್ಥಳಮಹಿಮೆ

ಪೆಟ್ಟವ್ವನನ್ನು ನಾವು ಕಬ್ಬಿಣದ ಪಂಜರದಲ್ಲಿ ಕೂಡಿಹಾಕಿದೆವು. ಹನ್ನೊಂದು ವರ್ಷವಾಯಿತು. ಕಳ್ಳರು ಮಾಡಿದ್ದಲ್ಲ, ಶತ್ರುಗಳು ಮಾಡಿದ್ದಲ್ಲ, ಭಕ್ತರು ಮಾಡಿದ್ದು. ಒಪ್ಪಿಗೆಯ ಕಾಗದಕ್ಕೆ ಈ ನಡುಗಡ್ಡಿಯ ಎರಡೂ ಕೇರಿಯವರು ಹೆಬ್ಬೆಟ್ಟು ಒತ್ತಿದರು, ಸಹಿ ಹಾಕಿದರು. ಈ ಪುಸ್ತಿಕೆ ಬರೆದವನ ಸಹಿಯೂ ಅಲ್ಲಿದೆ. ಆ ತಪ್ಪಿಗೆ ಒಬ್ಬ ಮನುಷ್ಯನ ಜೀವ ಹೋಯಿತು. ಹೊಳೆ ದಾಟಿ ಕೈಮುಗಿಯಲು ಬಂದ ಯಾತ್ರಿಕರು ಮೊದಲು ಇದನ್ನು ತಿಳಿಯಬೇಕು. ಮಹಿಮೆ ಆಮೇಲೆ.

ಬೇರೆ ಕ್ಷೇತ್ರಗಳ ಪುಸ್ತಿಕೆಗಳಲ್ಲಿ ಒಬ್ಬ ಋಷಿ ಬಂದು ತಪಸ್ಸಿಗೆ ಕೂರುತ್ತಾನೆ. ಈ ಗಡ್ಡಿಗೆ ಯಾವ ಋಷಿಯೂ ಬಂದಿಲ್ಲ. ಬಂದಿದ್ದರೆ ನಮ್ಮ ಹರಿಗೋಲಿನಲ್ಲೇ ಬರಬೇಕಿತ್ತು, ದಾಟಿಸಿದವನ ಮನೆತನದವರು ಇವತ್ತಿಗೂ ಅದನ್ನು ಹೇಳಿಕೊಂಡು ತಿರುಗುತ್ತಿದ್ದರು. ಬಂದವರು ಎರಡೇ ಬಗೆಯ ಜನ. ಕೃಷ್ಣೆ ಎರಡಾಗಿ ಒಡೆದು ಮತ್ತೆ ಕೂಡುವ ನಡುವೆ ಬಾಳೆಲೆಯಂತೆ ಬಿದ್ದಿರುವ ಈ ನೆಲಕ್ಕೆ ಮೇವು ಹುಡುಕಿಕೊಂಡು ಕುರಿಗಾಹಿಗಳು ಬಂದು ಪಡುವಲಕೇರಿ ಕಟ್ಟಿಕೊಂಡರು. ಮೀನು ಹುಡುಕಿಕೊಂಡು ಅಂಬಿಗರು ಬಂದು ಮೂಡಲಕೇರಿ ಕಟ್ಟಿಕೊಂಡರು. ಯಾವ ಯುಗವೆಂದು ಕೇಳಬೇಡಿ. ಅಣೆಕಟ್ಟುಗಳಿಲ್ಲದ, ಹೊಳೆ ತನ್ನ ಇಷ್ಟದಂತೆ ಏರಿ ಇಳಿಯುತ್ತಿದ್ದ ಕಾಲ.

ಹೊಳೆ ತುಂಬಿದರೆ ಮೀನು ಹಿಡಿಯುವ ಸಣ್ಣ ಹರಿಗೋಲುಗಳು ಬುಗುರಿಯಂತೆ ತಿರುಗಿ ಮುಳುಗುತ್ತವೆ. ಮಹಾಪೂರಕ್ಕೆ ತಡೆಯುವುದು ಎಂಟು ಎತ್ತಿನ ತೊಗಲು ಹೊದಿಸಿದ ದೊಡ್ಡ ಹರಿಗೋಲು ಒಂದೇ. ಎರಡೂ ಕೇರಿಯವರು ಕೂಡಿ ಅದನ್ನು ಕಟ್ಟಿ ಗಡ್ಡಿಯ ನಡುವಿನ ಹುಣಸೆ ಮರಕ್ಕೆ ಬಿಗಿದಿಟ್ಟಿದ್ದರು. ಕಟ್ಟುವಾಗ ಇದ್ದ ಒಗ್ಗಟ್ಟು ಹತ್ತುವಾಗ ಇರಲಿಲ್ಲ. ಪ್ರತಿ ಮಳೆಗಾಲದಲ್ಲೂ ಯಾರು ಮೊದಲು ಎಂದು ಜಗಳ. ಒಂದು ವರ್ಷ ಆಷಾಢದಲ್ಲೇ ಹೊಳೆ ಕೆಂಪಾಗಿ ಉಕ್ಕಿತು. ಪಡುವಲಕೇರಿಯವರು ಕುರಿಗಳನ್ನು ಹತ್ತಿಸತೊಡಗಿದ್ದರು.

“ಕುರಿ ಮೊದ್ಲ ಹತ್ತಸ್ತೀರೇನಲೇ? ನಮ್ಮ ಮುದುಕ್ರು ನಿಮ್ಮ ಕುರಿಗಿಂತ ಕಡಿಮಿ ಆದ್ರಾ?” ಎಂದರು ಅಂಬಿಗರು.

“ನೀವು ಮೀನು ತಿಂದವ್ರು. ಈಜಿ ಹೋಗ್ರಿ!” ಎಂದರು ಕುರಿಗಾಹಿಗಳು.

ಕೋಲುಗಳು ಎದ್ದವು. ಒಂದು ಕಡೆ ಕುರಿ ಕಾಯುವ ಕೊಕ್ಕೆಗೋಲು, ಇನ್ನೊಂದು ಕಡೆ ಹರಿಗೋಲಿನ ಹುಟ್ಟು. ಕೆಂಚವ್ವ ಎಂಬ ಹೆಣ್ಣುಮಗಳು ಪಡುವಲಕೇರಿಯ ಮಗಳು, ಮೂಡಲಕೇರಿಯ ಸೊಸೆ. ಅವಳ ಅಣ್ಣನ ಕೋಲು ಅವಳ ಗಂಡನ ತಲೆಯ ಮೇಲೂ, ಗಂಡನ ಹುಟ್ಟು ಅಣ್ಣನ ತಲೆಯ ಮೇಲೂ ಒಂದೇ ಗಳಿಗೆಯಲ್ಲಿ ಎದ್ದು ನಿಂತಾಗ, ತವರೂ ತನ್ನದೇ ಮನೆಯೂ ತನ್ನದೇ ಆದ ಆ ತಾಯಿ ಯಾರನ್ನು ತಡೆಯಬೇಕೆಂದು ತಿಳಿಯದೆ ಇಬ್ಬರ ನಡುವೆ ಹೋಗಿ ನಿಂತಳು. ಎರಡು ಪೆಟ್ಟೂ ಅವಳ ಮೇಲೆಯೇ ಬಿದ್ದವು. ಅವಳು ಬೀಳಲಿಲ್ಲ. ಮೊಣಕಾಲಿನವರೆಗೆ ನೆಲದೊಳಗೆ ಇಳಿದಳು, ಮೈ ಕಪ್ಪಾಯಿತು, ಕಲ್ಲಾಯಿತು. ಆ ಕಲ್ಲಿನೊಳಗಿಂದ ಮಾತು ಬಂತು:

“ಮಕ್ಕಳೇ, ನಿಮ್ಮ ಕೈಗೆ ಪೆಟ್ಟು ಬೇಕು. ಅದು ನನಗಿರಲಿ. ವರ್ಷಕ್ಕೊಮ್ಮೆ, ಹೊಳೆ ಏರುವ ಮುನ್ನ, ನನ್ನನ್ನು ಹೊಡೆಯಿರಿ, ಒಬ್ಬರನ್ನೊಬ್ಬರು ಹೊಡೆಯಬೇಡಿ. ಯಾರ ಪೆಟ್ಟು ನನ್ನ ಮೈ ಮುಟ್ಟುವುದೋ ಆ ಕೇರಿಯವರು ಆ ವರ್ಷ ಉಳಿದವರನ್ನು ದಾಟಿಸಬೇಕು, ತಾವು ಕೊನೆಗೆ ದಾಟಬೇಕು. ಹೊಡೆದ ಕೈಯೇ ಹೊರಲಿ.”

ಕಲ್ಲಾದ ತಂಗಿಗೆ ಕೋಲಿನಿಂದ ಹೊಡೆಯಲು ಅಣ್ಣನಿಗೆ ಕೈ ಬರಲಿಲ್ಲ. ತನ್ನ ಕಂಬಳಿ ಕಿತ್ತು ಉಣ್ಣೆ ಉಂಡೆ ಮಾಡಿದ. ಗಂಡ ತನ್ನ ಬಲೆ ಹರಿದು ಅದರ ಹುರಿಯನ್ನು ಉಂಡೆಗೆ ಸುತ್ತಿದ. ಹೀಗೆ ಚೆಂಡು ಹುಟ್ಟಿತು. ಒಳಗೆ ಪಡುವಲಕೇರಿಯ ಉಣ್ಣೆ, ಹೊರಗೆ ಮೂಡಲಕೇರಿಯ ಹುರಿ. ಒಂದೇ ಕೇರಿಯವರು ಕೂತು ಈ ಚೆಂಡು ಮಾಡಲಾಗುವುದಿಲ್ಲ.

ಅಂದಿನಿಂದ ಕೆಂಚವ್ವ ನಮಗೆ ಪೆಟ್ಟವ್ವ. ಪ್ರತಿ ವರ್ಷ ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಪೆಟ್ಟಿನ ಚೆಂಡು ಆಡಿದೆವು. ಕೇರಿಗೆ ಇಪ್ಪತ್ತು ಮಂದಿ, ಕೈಯಲ್ಲಿ ಡೊಂಕು ಕೋಲು. ಚೆಂಡು ಒಮ್ಮೆ ಕಲ್ಲಿಗೆ ಬಡಿದರೆ ಆಟ ಮುಗಿಯಿತು. ಹೊಡೆದ ಕೇರಿಗೆ ಹೂವಿಲ್ಲ, ಹಾರವಿಲ್ಲ. ಹರಿಗೋಲಿನ ಹುಟ್ಟನ್ನು ಕೈಗೆ ಕೊಡುತ್ತಿದ್ದರು. ಕೊನೆಗೆ ದಾಟುವ ಹೊಣೆಗಾಗಿ ಯಾರು ಇಷ್ಟು ಬಡಿದಾಡುತ್ತಾರೆ ಎನ್ನುವವರಿಗೆ ಗಡ್ಡಿಯ ಮರ್ಯಾದೆ ಗೊತ್ತಿಲ್ಲ. ಸೋತವರನ್ನು ವರ್ಷವಿಡೀ “ಏ, ದಾಟಿಸ್ಕೊಂಡವ್ನೇ!” ಎಂದು ಕರೆಯುತ್ತಿದ್ದರು. ಹೆಣ್ಣು ಕೇಳಲು ಹೋದರೆ ಅತ್ತೆಯಾಗುವವಳು ಮೊದಲು ಕೇಳುತ್ತಿದ್ದ ಮಾತು, “ನಿಮ್ಮ ಮನ್ಯಾಗ ಯಾರರೆ ಹುಟ್ಟು ಹಿಡಿದಾರೇನ್ರಿ?”

ಪೆಟ್ಟವ್ವನ ಕಲ್ಲು ಎದೆಯೆತ್ತರ ಇದೆ. ಅದರ ಮೈತುಂಬ ಹೆಬ್ಬೆಟ್ಟು ಹಿಡಿಯುವಷ್ಟು ಕುಳಿಗಳಿವೆ. ಮಳೆ ಬಂದಾಗ ಅವುಗಳಲ್ಲಿ ನಿಂತ ನೀರನ್ನು ಕೂಸುಗಳ ನಾಲಿಗೆಗೆ ಹಚ್ಚುತ್ತೇವೆ. ಉಣ್ಣೆಯ ಚೆಂಡಿಗೆ ಕಲ್ಲು ಕುಳಿ ಬೀಳುತ್ತದೆಯೇ ಎಂದು ಕೇಳುವವರು ಸಾವಿರ ವರ್ಷ ಹೊಡೆದು ನೋಡಿ ಆಮೇಲೆ ಕೇಳಲಿ. ಇದು ಈ ಸ್ಥಳದ ಮಹಿಮೆ. ಇದನ್ನು ನಾವು ಹೇಗೆ ಕೆಡಿಸಿದೆವು ಎಂಬುದು ಇನ್ನು ಮುಂದೆ.

ಆಚೆ ದಂಡೆಯ ಪೇಟೆಯ ವ್ಯಾಪಾರಿ ವಿರೂಪಣ್ಣನವರು ದೇವಸ್ಥಾನ ಸಮಿತಿಗೆ ಅಧ್ಯಕ್ಷರಾದರು. ಒಳ್ಳೆಯವರು. ತಾಯಿಗೆ ಚೆಂಡು ಬಡಿಯುವುದನ್ನು ನೋಡಿ ಅವರ ಕಣ್ಣಲ್ಲಿ ನೀರು ಬಂತು. ಯಾತ್ರಿಕರ ಕಾಣಿಕೆಯ ಹಣದಲ್ಲಿ ಕಲ್ಲಿನ ಸುತ್ತ ಪಂಜರ ಮಾಡಿಸಿದರು, ಹಿತ್ತಾಳೆಯ ಮುಖ ಹಾಕಿಸಿದರು. ಪೆಟ್ಟವ್ವ ಎಂಬ ಹೆಸರು ಒರಟಾಯಿತೆಂದು ಫಲಕದ ಮೇಲೆ ಶ್ರೀ ಪಟ್ಟಾಂಬಿಕಾ ಎಂದು ಬರೆಸಿದರು. ನಾವು ಚಪ್ಪಾಳೆ ತಟ್ಟಿದೆವು. ಆ ವರ್ಷದ ಆಟದಲ್ಲಿ ಚೆಂಡು ಸರಳಿಗೆ ಬಡಿದು ಠಣ್ ಎಂದಿತು. ಕಬ್ಬಿಣಕ್ಕೆ ಬಿದ್ದ ಪೆಟ್ಟು ತಾಯಿಗೆ ಬಿದ್ದಂತೆಯೇ ಎಂದು ಒಂದು ಕೇರಿ, ಅಲ್ಲವೆಂದು ಇನ್ನೊಂದು ಕೇರಿ. ತೀರ್ಮಾನವಾಗಲಿಲ್ಲ. ಮರುವರ್ಷ ಯಾರೂ ಕೋಲು ತರಲಿಲ್ಲ.

ನಾಲ್ಕು ವರ್ಷ ಹೊಳೆ ಸುಮ್ಮನಿತ್ತು. ಐದನೆಯ ಶ್ರಾವಣದಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಬೆಳಿಗ್ಗೆ ಎಂಟಕ್ಕೆ ಎರಡೂ ಕೇರಿಗೆ ನೀರು ಹೊಕ್ಕಿತು. ಎಲ್ಲರೂ ಹುಣಸೆ ಮರದ ಬುಡಕ್ಕೆ ಓಡಿ ಬಂದೆವು. ಪಡುವಲಕೇರಿಯ ಬೀರಲಿಂಗ ದೊಡ್ಡ ಹರಿಗೋಲಿನ ಹಗ್ಗದ ಒಂದು ತುದಿ ಹಿಡಿದ. ಮೂಡಲಕೇರಿಯ ಆದೆಪ್ಪ ಇನ್ನೊಂದು ತುದಿ ಹಿಡಿದ.

“ಹೋದ ಪೂರಕ್ಕ ನಾವು ದಾಟಿಸೀವಿ. ಈಗ ನಿಮ್ಮ ಪಾಳಿ” ಎಂದ ಬೀರಲಿಂಗ.

“ಪಾಳಿ ಅಂತ ಎಲ್ಲಿ ಐತಿ? ಹೊಡದವ್ರು ದಾಟಸ್ಬೇಕು. ಯಾರು ಹೊಡದಾರ ಹೇಳು?”

“ಯಾರೂ ಹೊಡದಿಲ್ಲ.”

“ಹಂಗಾದ್ರ ಬಿಡು ಹಗ್ಗ.”

“ನೀ ಬಿಡು.”

ಮುಕ್ಕಾಲು ತಾಸು. ಮಕ್ಕಳು ನೀರಲ್ಲಿ ನಿಂತಿದ್ದವು, ನಾವು ಹಗ್ಗ ಜಗ್ಗುತ್ತಿದ್ದೆವು. ಆ ಜಗ್ಗಾಟಕ್ಕೆ ಮರಕ್ಕೆ ಬಿಗಿದಿದ್ದ ಗಂಟು ಬಿಚ್ಚಿತು. ಒಬ್ಬರೂ ಹತ್ತದ ದೊಡ್ಡ ಹರಿಗೋಲು ಖಾಲಿಯಾಗಿ, ತಿರುಗುತ್ತಾ, ಹೊಳೆಯ ನಡುವಿಗೆ ಹೋಯಿತು. “ನಿಂದರ್ರಿ, ತರ್ತೀನಿ” ಎಂದು ಆದೆಪ್ಪ ಜಿಗಿದ. ಅವನಷ್ಟು ಚೆನ್ನಾಗಿ ಈಜುವವರು ಗಡ್ಡಿಯಲ್ಲಿ ಇರಲಿಲ್ಲ. ಮೂರನೆಯ ದಿನ ಕೆಳಗಿನ ಊರಿನವರು ಮೀನಿನ ಬಲೆ ಕಟ್ಟುವ ಗೂಟಗಳಿಗೆ ಅವನ ಹೆಣ ಸಿಕ್ಕಿತು. ನಮ್ಮನ್ನು ಮರುದಿನ ಬೇರೆ ದೋಣಿಗಳು ಬಂದು ಒಯ್ದವು. ನಾವೆಲ್ಲ ಬದುಕಿದೆವು. ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ಈಗ ಎರಡು ವರ್ಷದಿಂದ ಆಟ ಮರುಹುಟ್ಟು ಪಡೆದಿದೆ ಎಂದು ಪತ್ರಿಕೆಗಳಲ್ಲಿ ಬಂದಿದೆ. ಆಚೆ ದಂಡೆಯ ಹೈಸ್ಕೂಲಿನ ಬಯಲಿನಲ್ಲಿ, ಬಲೆ ಕಟ್ಟಿದ ಗೋಲುಗಳ ನಡುವೆ, ಪ್ಲಾಸ್ಟಿಕ್ ಚೆಂಡಿನಲ್ಲಿ ಪಟ್ಟಾಂಬಿಕಾ ಕಪ್ ನಡೆಯುತ್ತದೆ. ಆಡುವ ಹುಡುಗರ ಮೇಲೆ ಸಿಟ್ಟಿಲ್ಲ. ಹುಡುಗಿಯರೂ ಆಡುತ್ತಾರೆ, ಚೆನ್ನಾಗಿ ಆಡುತ್ತಾರೆ. ಆದರೆ ಅದು ಕೋಲಾಟದಷ್ಟೇ ಚೆಂದ, ಕೋಲಾಟದಷ್ಟೇ ನಿರಪಾಯ. ಹೋದ ವರ್ಷ ಬಹುಮಾನ ಕೊಡುವ ದಿನ ಆದೆಪ್ಪನ ಹೆಂಡತಿ ಗದ್ದೆಮ್ಮ ಎದ್ದು ನಿಂತಳು. ಚೆಂಡಿಗೆ ಹುರಿ ಸುತ್ತಲು ಬರುವುದು ಈಗ ಅವಳೊಬ್ಬಳಿಗೇ.

“ಗೆದ್ದವ್ರಿಗೆ ಏನ್ ಕೊಡ್ತೀರಿ ಅಧ್ಯಕ್ಷರ?”

“ಕಪ್ ಕೊಡ್ತೀವವ್ವ. ಬೆಳ್ಳಿ ನೀರು ಹಾಕ್ಸೀವಿ” ಎಂದರು ವಿರೂಪಣ್ಣ.

“ಆ ಕಪ್ಪಿನ್ಯಾಗ ಎಷ್ಟು ಮಂದಿ ಕುಂತು ಹೊಳಿ ದಾಟ್ತಾರ?”

ಜನ ನಕ್ಕರು. ಅವಳು ನಗಲಿಲ್ಲ. “ಪಂಜರ ತಗೀರಿ. ಗಡ್ಡ್ಯಾಗ ಆಡಸ್ರಿ.”

“ತಾಯಿಗೆ ಹೊಡೆಯೋದು ಪಾಪ ಅಲ್ಲೇನವ್ವ?”

“ಆಕಿ ತಾನಾ ಕೇಳಿದ ಪೆಟ್ಟು. ಬ್ಯಾಡ ಅನ್ನಾಕ ನೀವ್ಯಾರು? ನೀವು ಆಕಿನ್ನ ಉಳಿಸಿದ್ರಿ, ನನ್ನ ಗಂಡ ಹೋದ.”

ಮೈಕು ಕಿತ್ತುಕೊಂಡರು.

ಗಡ್ಡಿಗೆ ಹೊಸ ಫೈಬರ್ ದೋಣಿ ಬಂದಿದೆ. ಮೂವತ್ತು ಮಂದಿ ಹಿಡಿಯುತ್ತದೆ. ನಾವು ನೂರಾ ನಲವತ್ತು ಮಂದಿ ಇದ್ದೇವೆ. ಮೊದಲು ಯಾರು ಎಂದು ತೀರ್ಮಾನಿಸಲು ಮೂರು ಸಲ ಸಭೆ ಕೂತೆವು, ಮೂರು ಸಲವೂ ಬಡಿದಾಡಲು ಕುರ್ಚಿ ಎತ್ತಿದರು. ಗದ್ದೆಮ್ಮನ ಸೊಸೆಗೆ ಈ ಶ್ರಾವಣದಲ್ಲಿ ದಿನ ತುಂಬುತ್ತವೆ. ಮೂಡಲಕೇರಿಯ ಕೊನೆಯ ಮನೆ ಅವರದು. ಅವಳನ್ನು ಯಾರು ದಾಟಿಸುತ್ತಾರೆ ಎಂಬುದಕ್ಕೆ ಇವತ್ತು ಉತ್ತರವಿಲ್ಲ.

ಯುಗಾದಿಯ ಮಾರನೆಯ ದಿನ ಬೀರಲಿಂಗ ಒಂದು ಚೀಲ ಹೊತ್ತು ಗದ್ದೆಮ್ಮನ ಬಾಗಿಲಿಗೆ ಬಂದ. ಏಳು ವರ್ಷದಲ್ಲಿ ಅವನು ಆ ಓಣಿಗೆ ಕಾಲಿಟ್ಟಿರಲಿಲ್ಲ.

“ಉಣ್ಣಿ ತಂದೀನಿ” ಎಂದ.

ಗದ್ದೆಮ್ಮ ಅವನ ಕೈಗಳನ್ನೇ ನೋಡಿದಳು. “ಹಗ್ಗ ಬಿಡಾಕ ಇಷ್ಟು ವರ್ಷ ಬೇಕಾತೇನೋ ನಿನಗ?”

ಅವನು ಅತ್ತ. ಅವಳು ಚೀಲ ಇಸಿದುಕೊಂಡಳು. ಕ್ಷಮಿಸಿದೆ ಎನ್ನಲಿಲ್ಲ, ಇವತ್ತಿಗೂ ಅಂದಿಲ್ಲ. ಆದರೆ ಒಂಬತ್ತು ದಿನ ಕೂತು ಹುರಿ ಸುತ್ತಿದಳು. ಚೆಂಡು ಸಿದ್ಧವಿದೆ. ಎರಡೂ ಕೇರಿಯ ನಲವತ್ತು ಮಂದಿ ಕೋಲು ಕೆತ್ತಿಕೊಂಡಿದ್ದಾರೆ. ಪಂಜರ ತೆಗೆಯಲು ಮಾತ್ರ ಯಾರೂ ಮುಂದೆ ಬರುತ್ತಿಲ್ಲ. ಸಮಿತಿಯ ಭಯ, ಪಾಪದ ಭಯ, ಕಾಣಿಕೆ ಕೊಟ್ಟ ನೀವು ಏನೆನ್ನುವಿರೋ ಎಂಬ ಭಯ. ಪಂಜರ ನಿಂತಿರುವುದು ಯಾತ್ರಿಕರ ಹೆಸರಿನಲ್ಲಿ. ಆದ್ದರಿಂದ ಯಾತ್ರಿಕರೇ ಬಿಚ್ಚಬೇಕು.

ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಏಳಕ್ಕೆ ದೋಣಿ ಆಚೆ ದಂಡೆಯಲ್ಲಿ ನಿಂತಿರುತ್ತದೆ. ಪಂಜರಕ್ಕೆ ಇರುವುದು ಎಂಟು ನಟ್ಟು, ತುಕ್ಕು ಹಿಡಿದಿವೆ. ತೆಂಗಿನಕಾಯಿ ತರಬೇಡಿ, ಕರ್ಪೂರ ತರಬೇಡಿ. ಸ್ವಲ್ಪ ಎಣ್ಣೆ, ನಟ್ಟು ತಿರುಗಿಸಲು ಹತ್ತೊಂಬತ್ತರ ಪಾನಾ ತನ್ನಿ. ಬಂದು ಬಿಚ್ಚಿ.